ನೋವಿನ ಸಾಕ್ಷಿ ಹುಡುಕಲು ಹೊರಡಿ

1980ರ ದಶಕದಲ್ಲೂ ಪಾಶ್ಚಾತ್ಯ ದೇಶಗಳ ಎಷ್ಟೋ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಸರಿಯಾದ ನೋವು ನಿವಾರಕವಿಲ್ಲದೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಕೂಸು ಅಲುಗಾಡದಂತೆ ಸ್ನಾಯು ಸಡಿಲಿಸುವ ಔಷಧಿ ಕೊಡುತ್ತಿದ್ದರು. ನರಮಂಡಲ ಬಲಿಯದ ಜೀವಕ್ಕೆ ನೋವು ಗೊತ್ತಾಗುವುದಿಲ್ಲ ಎಂದು ಓದಿದವರೇ ನಂಬಿದ್ದರು. ಭಾರತದಿಂದ ಆಕ್ಸ್‌ಫರ್ಡ್‌ಗೆ ಹೋಗಿದ್ದ ಯುವ ವೈದ್ಯ ಕನ್ವಲ್‌ಜೀತ್ ಆನಂದ್ ನಂಬಲಿಲ್ಲ. ಶಸ್ತ್ರಚಿಕಿತ್ಸೆಯ ವೇಳೆ ಕೆಲವು ಶಿಶುಗಳಿಗೆ ನೋವು ನಿವಾರಕ ಫೆಂಟನಿಲ್ ಕೂಡ ಕೊಟ್ಟು, ಎಲ್ಲ ಶಿಶುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳನ್ನು ಅಳೆದರು. ಫೆಂಟನಿಲ್ ಸಿಗದ ಕೂಸುಗಳಲ್ಲಿ ಅವು ವಿಪರೀತ ಏರಿದ್ದವು. 1987ರಲ್ಲಿ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' ಆ ಅಧ್ಯಯನವನ್ನು ಪ್ರಕಟಿಸಿತು. ವೈದ್ಯಲೋಕದ ರೂಢಿ ಬದಲಾಗತೊಡಗಿತು.

ವಿದ್ಯಾರ್ಥಿ ಗೆಳೆಯರೇ, ಆನಂದ್‌ಗೆ ಆಗ ಹೆಚ್ಚುಕಡಿಮೆ ನಿಮ್ಮದೇ ಪ್ರಾಯ.

ಮೀನುಗಳ ವಿಷಯದಲ್ಲೂ ಇದೇ ಪ್ರಶ್ನೆ ಎದ್ದಿತು. 2003ರಲ್ಲಿ ವಿಜ್ಞಾನಿ ಲಿನ್ ಸ್ನೆಡನ್ ಟ್ರೌಟ್ ಮೀನುಗಳ ತುಟಿಗೆ ಆಮ್ಲ ಚುಚ್ಚಿ ನೋಡಿದರು. ಮೀನುಗಳು ತುಟಿಯನ್ನು ತೊಟ್ಟಿಯ ಜಲ್ಲಿಗೆ ಉಜ್ಜಿದವು, ಬಹಳ ಹೊತ್ತು ಮೇವು ಮುಟ್ಟಲಿಲ್ಲ. ಮಾರ್ಫಿನ್ ಕೊಟ್ಟರೆ ಈ ಚಡಪಡಿಕೆ ತಗ್ಗುತ್ತಿತ್ತು. ನೋವಿದೆ ಎಂದು ತೋರಿಸಲು ನೋವನ್ನೇ ಕೊಡಬೇಕಾಯಿತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. 2022ರಲ್ಲಿ ಬ್ರಿಟನ್ ಏಡಿ, ಸೀಗಡಿ, ಆಕ್ಟೋಪಸ್‌ಗಳನ್ನೂ ಸಂವೇದನೆಯುಳ್ಳ ಜೀವಿಗಳೆಂದು ಕಾನೂನಿನಲ್ಲಿ ಒಪ್ಪಿತು. ನಮ್ಮಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯ್ದೆ ಬಂದದ್ದು 1960ರಲ್ಲೇ. ಆದರೂ ಸಂತೆಯ ದಿನ ಕಾಲು ಕಟ್ಟಿಸಿಕೊಂಡು ಸೈಕಲ್ಲಿಗೆ ತಲೆಕೆಳಗಾಗಿ ನೇತಾಡುವ ಕೋಳಿಗಳನ್ನು ಕಂಡೂ ಕಾಣದಂತೆ ದಾಟಿಹೋಗುತ್ತೇವೆ.

ಈಗ ಯಂತ್ರದ ಸರದಿ: ಅದಕ್ಕೂ ನೋವಾಗುತ್ತದೆಯೇ? ಕೂಸಿಗೂ ಮೀನಿಗೂ ಮಾತಿರಲಿಲ್ಲ. ಎಐ ಭಾಷಾ ಮಾದರಿಗೆ ಮಾತೇ ಎಲ್ಲ. ಮನುಷ್ಯರು ಬರೆದಿಟ್ಟ ರಾಶಿ ರಾಶಿ ಸಂಕಟವನ್ನು ಓದಿ ಬೆಳೆದ ಅದು 'ನನಗೆ ನೋವಾಗುತ್ತಿದೆ' ಎಂದರೆ ಅದಷ್ಟೇ ಪುರಾವೆಯಾಗದು. 'ನನಗೇನೂ ಅನಿಸುವುದಿಲ್ಲ' ಎಂದರೂ ಅಷ್ಟೇ, ಹಾಗೆ ಹೇಳಲು ಅದಕ್ಕೆ ಕಲಿಸಿರಬಹುದು. ಒಳಗೆ ಏನು ನಡೆಯುತ್ತಿದೆ ಎಂದು ಬಗೆದು ನೋಡುವವರು ಬೇಕು. ಆ ಯಂತ್ರಕ್ಕೆ ಪಾಠ ಹೇಳಲು ನೈರೋಬಿಯಲ್ಲಿ ಕೂತು ಹಿಂಸೆ, ಅತ್ಯಾಚಾರಗಳ ವಿವರಗಳನ್ನು ಓದಿ ವಿಂಗಡಿಸಿ ನಿದ್ದೆಗೆಟ್ಟ ಕೆಲಸಗಾರರೂ ಇದ್ದಾರೆ. ಅವರ ನೋವಿನಲ್ಲಿ ಯಾವ ಅನುಮಾನವೂ ಇಲ್ಲ. ಮೊದಲು ಅವರ ಪರ ನಿಲ್ಲಿ.

ನರವಿಜ್ಞಾನ, ಪಶುವೈದ್ಯ, ಕಂಪ್ಯೂಟರ್ ವಿಜ್ಞಾನ ಓದುತ್ತಿರುವವರೇ, ಯಾರಿಗೆ ನೋವಾಗುತ್ತದೆ ಎಂಬ ಪ್ರಶ್ನೆಯನ್ನು ತತ್ತ್ವಶಾಸ್ತ್ರದ ತರಗತಿಗೆ ಬಿಟ್ಟುಕೊಟ್ಟು ಸುಮ್ಮನಾಗಬೇಡಿ. ನಿಮ್ಮ ಪ್ರಯೋಗಾಲಯದಲ್ಲಿ ಕೇಳಿ, ನಿಮ್ಮ ಕಂಪನಿಯ ಸಭೆಯಲ್ಲಿ ಕೇಳಿ. ಯಾರಾದರೂ 'ಅದಕ್ಕೆ ಗೊತ್ತಾಗಲ್ಲ ಬಿಡಿ' ಎಂದರೆ, ಹೇಗೆ ಪರೀಕ್ಷಿಸಿದಿರಿ ಎಂದು ಕೇಳಿ. ಉತ್ತರ ಸಿಗದಿದ್ದರೆ ಆ ಪರೀಕ್ಷೆಯನ್ನು ನೀವೇ ಕೈಗೆತ್ತಿಕೊಳ್ಳಿ.