ಬಾಯಿಗೆ ಬೀಗ ಬೇಡ
(ಕೋಠಿಯ ಹೋಟೆಲ್ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಮರಿಗೆ ಬಿತ್ತು. 158 ಜನ ಮಡಿದರು. ಉಳಿದವರು 8 ಮಂದಿ. ಸಂಘದವರು ಪತ್ರಿಕೆಗಳೊಡನೆ ಮಾತಾಡಕೂಡದೆಂದು ಏರ್ ಇಂಡಿಯಾ ಆಡಳಿತ ಅಪ್ಪಣೆ ಮಾಡಿತು. ಅದನ್ನು ವಿರೋಧಿಸಿ ಮೇ 25ರಂದು ನೌಕರರು, ಇಂಜಿನಿಯರರು ಕೆಲಸ ನಿಲ್ಲಿಸಿದರು. ಹಲವರು ವಜಾ ಆದರು.

ನಮ್ಮ ಅಡುಗೆಮನೆಗೂ ಈ ಮಾತು ಸಲ್ಲುತ್ತದೆ. ಗ್ಯಾಸ್ ಸೋರಿದರೆ ವಾಸನೆ ಮೊದಲು ಹತ್ತುವುದು ನಮ್ಮ ಮೂಗಿಗೆ. ಗೋಡೆಯಾಚೆ ಉಣ್ಣುವ ಗಿರಾಕಿಗೆ ಅದು ತಿಳಿಯದು. ಮಾಲೀಕರಿಗೆ ಮೊದಲು ಬರೆದು ಕೊಡೋಣ. ಕೇಳದಿದ್ದರೆ ಊರಿಗೇ ಹೇಳೋಣ. ಒಬ್ಬನೇ ಹೇಳಿದರೆ ಕೆಲಸ ಹೋದೀತು. ಆದ್ದರಿಂದ ಸಂಘದ ಹೆಸರಿನಲ್ಲಿ ಹೇಳೋಣ. ಹಾಗೂ ಯಾರದಾದರೂ ಕೆಲಸ ಹೋದರೆ, ಅವನ ಮನೆಯ ಒಲೆ ಆರದಂತೆ ಚಂದಾ ಎತ್ತೋಣ.