ಹಚ್ಚೆಯಂಗಡಿಯ ಹೊಸ್ತಿಲು

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)

ಮಾನ್ಯ ಅಧ್ಯಕ್ಷರೆ, ಗಿರಣಿಯಲ್ಲಿ ದುಡಿದು ದಣಿದ ಹಿರಿಯರೆ, ಮಧ್ಯಾಹ್ನದ ಎರಡು ಗಂಟೆ ನಿದ್ದೆಯನ್ನು ಬಿಟ್ಟು ಬಂದಿರುವ ಹೋಟೆಲ್ ಬಂಧುಗಳೆ,

ಇವತ್ತಿನ ವಿಷಯ ಕೇಳಿ ಕೆಲವರು ನಕ್ಕರೆಂದು ಕಾರ್ಯದರ್ಶಿಗಳು ಹೇಳಿದರು. ಬೋನಸ್ಸು, ಪಿ.ಎಫ್., ವಾರದ ರಜೆ ಇವನ್ನೆಲ್ಲ ಬಿಟ್ಟು ಕಾರ್ಮಿಕರ ಕೂಟದಲ್ಲಿ ಹಚ್ಚೆಯಂಗಡಿಯ ಮಾತೇಕೆ? ಕಾರಣವಿದೆ. ನಮ್ಮ ಸಂಘದ ಮೂವರು ಹುಡುಗರು, ಒಬ್ಬ ಕ್ಲೀನರ್ ಆಗಿದ್ದವನು, ಇಬ್ಬರು ಸಪ್ಲೈಯರ್, ಎರಡು ವರ್ಷ ಬೇರೊಬ್ಬರ ಕೈಕೆಳಗೆ ಈ ಕೆಲಸ ಕಲಿತು ಈಗ ಸ್ವಂತ ಅಂಗಡಿ ಇಡುತ್ತಿದ್ದಾರೆ. ಜನ ಅದನ್ನು ಟ್ಯಾಟೂ ಎನ್ನುತ್ತಾರೆ. ನಮಗೆ ಅದು ಹಚ್ಚೆ. ಅವರಿಗೆ ಶುಭ ಕೋರಿ ನಾಲ್ಕು ಮಾತು ಹೇಳು ಎಂದು ನನಗೆ ಅಪ್ಪಣೆಯಾಗಿದೆ. ಶುಭ ಕೋರುವುದು ಒಂದು ನಿಮಿಷದ ಕೆಲಸ. ಉಳಿದ ಹೊತ್ತಿನಲ್ಲಿ ನನ್ನ ತಕರಾರನ್ನು ಹೇಳುತ್ತೇನೆ.

ನನ್ನ ಅವ್ವ ಕೆ.ಆರ್. ಪೇಟೆ ಕಡೆಯ ಹಳ್ಳಿಯವಳು. ಅವಳ ಎಡಗೈಯಲ್ಲಿ ಹುಡುಗಿಯಾಗಿದ್ದಾಗ ಹುಯ್ಯಿಸಿಕೊಂಡ ಹಚ್ಚೆಯಿದೆ: ಒಂದು ತುಳಸಿಕಟ್ಟೆ, ಸುತ್ತ ಚುಕ್ಕೆಗಳು. ಸತ್ತಾಗ ಮೈಮೇಲಿನ ಚಿನ್ನವನ್ನು ಮಕ್ಕಳು ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯನ್ನು ಯಾರೂ ಬಿಚ್ಚಿಕೊಳ್ಳಲಾರರು, ಜೊತೆಗೆ ಬರುವುದು ಅದೊಂದೇ ಎಂದು ನಮ್ಮ ಕಡೆಯ ಮುದುಕಿಯರ ನಂಬಿಕೆ. ಹೋದ ವರ್ಷ ಅವ್ವ ನನ್ನ ಕೋಣೆಗೆ ಬಂದಿದ್ದಾಗ, ಚುಕ್ಕೆಗಳು ಮಾಸಿಹೋಗಿವೆ, ಈ ಊರಿನಲ್ಲಿ ಯಾರಾದರೂ ತೀಡಿಕೊಡುತ್ತಾರೇನೋ ಕೇಳು ಎಂದಳು. ಮಗ ಮುಂಬಯಿಯಲ್ಲಿದ್ದಾನೆ, ಅಷ್ಟೂ ಮಾಡಿಸದಿದ್ದರೆ ಹೇಗೆ? ಕರೆದುಕೊಂಡು ಹೋದೆ.

ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ, ಗೋಡೆಯ ಮೇಲೆ ಹುಲಿ, ತಲೆಬುರುಡೆ. ಅಂಗಡಿಯ ಹೆಸರು ಬೇಡ. ಗಲ್ಲದ ಹುಡುಗ ಮೊದಲು ನಮ್ಮ ಚಪ್ಪಲಿ ನೋಡಿದ, ಆಮೇಲೆ ಮುಖ ನೋಡಿದ. ಇಂಗ್ಲಿಷಿನಲ್ಲಿ ಏನೋ ಕೇಳಿದ. ನಾನು ಹಿಂದಿಯಲ್ಲಿ ಉತ್ತರ ಕೊಟ್ಟೆ. ಅವನು ಮತ್ತೆ ಇಂಗ್ಲಿಷಿನಲ್ಲೇ ಕೇಳಿದ. ಅವ್ವನ ಕೈಯನ್ನು ನೋಡಿ, ಒಳಗಿದ್ದವನನ್ನು ಕರೆದು ತೋರಿಸಿದ. ಇಬ್ಬರೂ ನಕ್ಕರು. ರೇಟು ಎಷ್ಟೆಂದರೆ, ನಿಮಗೆ ಆಗುವುದಿಲ್ಲ ಬಿಡಿ ಎಂದ. ಎಷ್ಟೆಂದು ಹೇಳಲೇ ಇಲ್ಲ. ಪಕ್ಕದಲ್ಲಿ ಸೋಫಾ ಖಾಲಿ ಇತ್ತು. ಕೂತುಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ಅವ್ವ ಕಾಲು ನೋವಿನವಳು, ಗೋಡೆ ಹಿಡಿದು ನಿಂತಿದ್ದಳು. ಹೊರಗೆ ಬಂದ ಮೇಲೆ ಅವಳು ಬೈಯಲಿಲ್ಲ. "ಕೊರವಂಜಿ ಆಗಿದ್ರೆ ಕೂಡಿಸ್ಕೊಂಡು ಮಾತಾಡಿಸ್ತಿದ್ಲು ಕಣಪ್ಪ" ಅಂದಳು, ಅಷ್ಟೆ.

ಆ ಮಾತು ನನ್ನನ್ನು ಬಿಡಲಿಲ್ಲ. ಏಕೆಂದರೆ ಕೊರವಂಜಿ ಎಲ್ಲಿ ಕೂತಿದ್ದಳು? ನಮ್ಮ ಹಟ್ಟಿಯಂಗಳದಲ್ಲಿ. ಹೊಸ್ತಿಲು ದಾಟಲು ಅವಳಿಗೆ ಅಪ್ಪಣೆಯಿರಲಿಲ್ಲ. ನಮ್ಮ ನಾಡಿನಲ್ಲಿ ಹಚ್ಚೆ ಹುಯ್ಯುತ್ತಿದ್ದವರು ಹೆಚ್ಚಾಗಿ ಕೊರವ, ಕಿಳ್ಳೇಕ್ಯಾತ ಮುಂತಾದ ಅಲೆಮಾರಿ ಜನಾಂಗಗಳ ಹೆಂಗಸರು. ದೀಪದ ಕಾಡಿಗೆಗೆ ಸೊಪ್ಪಿನ ರಸ ಕಲಸಿ, ಹುಡುಗಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ನೋವು ಮರೆಯಲೆಂದು ಹಾಡು ಹೇಳುತ್ತ ಚುಚ್ಚುತ್ತಿದ್ದರು. ಸಿಕ್ಕುತ್ತಿದ್ದುದು ಒಂದು ಮೊರ ಕಾಳು, ಒಂದು ಹಳೆಯ ಸೀರೆ. ಇದೇ ಕೊರವರನ್ನು ಮದ್ರಾಸು ಆಧಿಪತ್ಯದಲ್ಲಿ ಬ್ರಿಟಿಷ್ ಸರಕಾರ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿತ್ತು. 1871ರಲ್ಲಿ ಹುಟ್ಟಿದ ಆ ಕಾನೂನು ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ, ಸತ್ತಿತು. ಅಂಗಳದಲ್ಲಿ ಕೂತವಳು ಒಳಗಿನವಳನ್ನು ಆದರದಿಂದ ಕಂಡಳು. ಈಗ ಕಸುಬು ಗಾಜಿನ ಬಾಗಿಲಿನ ಒಳಗೆ ಹೋಗಿದೆ, ಗಿರಾಕಿ ಹೊರಗೆ ನಿಂತಿದ್ದಾನೆ.

ಆ ದಿನ ರಾತ್ರಿ ನನಗೆ ಆ ಗಲ್ಲದ ಹುಡುಗನ ಮೇಲೆ ಬಹಳ ಸಿಟ್ಟಿತ್ತು. ಆಮೇಲೆ ಬೇರೊಂದು ನೆನಪಾಯಿತು. ನಾನು ಸಪ್ಲೈಯರ್ ಆಗಿದ್ದಾಗ ಒಬ್ಬ ಹಮಾಲ ದಿನಾ ನಾಲ್ಕು ಗಂಟೆಗೆ ಚಹಕ್ಕೆ ಬರುತ್ತಿದ್ದ. ಮೈಯೆಲ್ಲ ಬೆವರು, ಸಿಮೆಂಟಿನ ಧೂಳು. ಅವನಿಗೆ ಹೊರಗೇ ಕೊಡು, ಬೇರೆ ಗಿರಾಕಿಗಳು ಮುಖ ಸಿಂಡರಿಸುತ್ತಾರೆ ಎಂದರು ಸೇಠರು. ನಾನು ಹೊರಗೇ ಕೊಟ್ಟೆ. ಎರಡು ವರ್ಷ ಕೊಟ್ಟೆ. ಅವನ ದುಡ್ಡು ಮಾತ್ರ ಒಳಗಿನ ಗಲ್ಲಕ್ಕೇ ಬೀಳುತ್ತಿತ್ತು. ಆ ಹಮಾಲನ ಹೆಸರು ಕೂಡ ನಾನು ಕೇಳಲಿಲ್ಲ, ಬಂಧುಗಳೆ.

ಹೋಟೆಲಿನವರಾದ ನಮಗೆ ಇದು ಹೊಸದಲ್ಲ. ಹಿಂದಿನ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಕೆಲವರಿಗೆ ಹೊರಗಿಟ್ಟ ಬೇರೆ ಲೋಟ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲು ಎಂದು ಹೆಸರು ಹಿಡಿದೇ ಬರೆದಿದೆ: ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣದಿಂದ ಯಾರನ್ನೂ ತಡೆಯುವಂತಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ತಡೆದವನಿಗೆ ಶಿಕ್ಷೆಯನ್ನೂ ಇಟ್ಟಿತು. ಕಾನೂನು ಬಾಗಿಲು ತೆಗೆಸುತ್ತದೆ. ಆದರೆ ಒಳಗೆ ಬಂದವನನ್ನು ಕೂತುಕೊಳ್ಳಿ ಅನ್ನಬೇಕಾದವನು ಗಲ್ಲದಲ್ಲಿರುವ ಮನುಷ್ಯನೇ.

ಹೋಟೆಲಿಗೂ ಹಚ್ಚೆಯಂಗಡಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ಗಿರಾಕಿ ಬಾಯಿ ತೆರೆದರೆ ಸಾಕು. ಅಲ್ಲಿ ಬಟ್ಟೆ ಸರಿಸಬೇಕು, ಮೈ ತೋರಿಸಬೇಕು, ಸೂಜಿಗೆ ಮೈ ಒಡ್ಡಬೇಕು. ಸೂಜಿ ಚುಚ್ಚಿ ಮರ್ಯಾದೆ ತೆಗೆದ ಚರಿತ್ರೆಯೂ ಇದೆ. ಬಂಗಾಳದಲ್ಲಿ 1797ರಿಂದ ಜೀವಾವಧಿ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಲ್ಲಿ ಬರೆಯುತ್ತಿದ್ದರು. ಅದು ನಿಂತದ್ದು 1849ರಲ್ಲಿ. ಇನ್ನೊಂದು ಕಡೆ, ಗುಡಿಯೊಳಕ್ಕೆ ಬಿಡದಿದ್ದಾಗ ಛತ್ತೀಸಗಡದ ರಾಮನಾಮಿಗಳು ಮೈಯ ತುಂಬ ರಾಮನ ಹೆಸರನ್ನೇ ಹುಯ್ಯಿಸಿಕೊಂಡರು. ಆದುದರಿಂದ ಹುಡುಗರೆ, ಯಾವ ಗಿರಾಕಿ ಏನು ಬರೆಸಿಕೊಳ್ಳಲು ಬಂದರೂ, ಏನು ಅಳಿಸಿಕೊಳ್ಳಲು ಬಂದರೂ, ನಗಬೇಡಿ. ಬಿಟ್ಟುಹೋದ ಗಂಡನ ಹೆಸರನ್ನು ಹೂವಿನಡಿ ಮುಚ್ಚಿಸಲು ಬಂದ ಹೆಂಗಸು ಯಾಕೆಂದು ಹೇಳಿದರೆ ಕೇಳಿ, ಹೇಳದಿದ್ದರೆ ಕೆದಕಬೇಡಿ. ಸುಟ್ಟ ಗಾಯದ ಕಲೆ ಮರೆಸಲು ಬರುವವರು, ಅಡಿಗೆಮನೆಯಲ್ಲಿ ಎಣ್ಣೆ ಸಿಡಿಸಿಕೊಂಡ ನಮ್ಮವರೇ ಇರಬಹುದು.

ಹೆಂಗಸರು ಬಂದರೆ ಒಂದು ಪರದೆ ಇರಲಿ, ಜೊತೆಗೆ ಬಂದವರು ಪಕ್ಕದಲ್ಲೇ ಕೂರಲಿ. ಮುಟ್ಟುವ ಮೊದಲು ಎಲ್ಲಿ ಮುಟ್ಟುತ್ತೇನೆಂದು ಬಾಯಿಬಿಟ್ಟು ಹೇಳಿ. ನೋಯುತ್ತದೆ, ನಿಲ್ಲಿಸು ಎಂದ ಕೂಡಲೆ ಯಂತ್ರ ನಿಲ್ಲಬೇಕು. ಇದು ಗಂಡಸರಿಗೂ ಸಲ್ಲುವ ಮಾತು. ಮೀಸೆ ಹೊತ್ತವನಿಗೆ ನೋಯುವುದಿಲ್ಲವೆಂದು ಯಾರು ಹೇಳಿದರು? ಹಿಜಡಾ ಸಮುದಾಯದವರು ಬಂದರೆ ಅವರು ಹೇಳಿದ ಹೆಸರಿನಿಂದಲೇ ಕರೆಯಿರಿ. 2019ರಲ್ಲಿ ಅವರ ಹಕ್ಕಿಗೂ ಕಾಯಿದೆ ಬಂದಿದೆ. ಅಂಗಡಿಯ ಮುಂದೆ ಎರಡು ಮೆಟ್ಟಿಲಿವೆ, ನಾನು ನೋಡಿದ್ದೇನೆ. ಗಾಲಿಕುರ್ಚಿಯಲ್ಲಿ ಬರುವವನಿಗೆ ಒಂದು ಹಲಗೆಯ ಇಳಿಜಾರು ಮಾಡಿಸಿಡಿ.

ಚರ್ಮದ ಬಣ್ಣದ ಮಾತು. ಕಪ್ಪು ಮೈಗೆ ಹಚ್ಚೆ ಒಪ್ಪುವುದಿಲ್ಲ ಎಂದು ಹೇಳಿ ಕಳಿಸುವವರಿದ್ದಾರೆ. ಅದು ಕೆಲಸ ಬಾರದವನ ಮಾತು. ಶಾಯಿ ನಿಲ್ಲುವುದು ಮೇಲಿನ ಪೊರೆಯ ಕೆಳಗೆ, ಒಂದೆರಡು ಮಿಲಿಮೀಟರು ಒಳಗೆ. ಬಣ್ಣ ಕಾಣುವುದು ಮೇಲಿನ ಪೊರೆಯ ಮೂಲಕ. ಹಾಗಾಗಿ ಕಪ್ಪು ಮೈಗೆ ದಪ್ಪ ಗೆರೆ, ಬಿಡುವಿನ ಚಿತ್ರ ಚೆನ್ನ. ಹಳದಿ, ಬಿಳಿ ಅಷ್ಟು ಎದ್ದು ಕಾಣವು. ಅದನ್ನು ಮೊದಲೇ ಹೇಳಿ, ಮೈಯನ್ನು ದೂರಬೇಡಿ. ನಮ್ಮಂಥವರ ಮೈಯಲ್ಲಿ ಗಾಯ ಉಬ್ಬಿ ಗಂಟಾಗುವುದು ಹೆಚ್ಚು; ಹಿಂದೆ ಹಾಗೆ ಆಗಿದೆಯೇ ಎಂದು ಕೇಳಿ.

ಸೂಜಿಯ ಪೊಟ್ಟಣವನ್ನು ಗಿರಾಕಿಯ ಕಣ್ಣೆದುರೇ ಒಡೆಯಿರಿ. ಕೊರವಂಜಿಯ ಕಾಲವನ್ನು ನಾನು ಎಷ್ಟು ಹೊಗಳಿದರೂ, ಊರಿಗೆಲ್ಲ ಅದೇ ಸೂಜಿಯಾಗಿತ್ತೆಂಬುದನ್ನು ಮುಚ್ಚಿಡಲಾರೆ. ಒಬ್ಬರ ರಕ್ತ ಇನ್ನೊಬ್ಬರಿಗೆ ತಗುಲಿದರೆ ಕಾಮಾಲೆಯ ಬಿ, ಸಿ ಎಂಬ ಜಾತಿಗಳು, ಎಚ್.ಐ.ವಿ. ಎಲ್ಲವೂ ದಾಟಬಹುದು. ಬಿಸಿನೀರಿನಲ್ಲಿ ಕುದಿಸಿದ್ದೇವೆ ಎಂದರೆ ಸಾಲದು. ನಮ್ಮ ಇಡ್ಲಿ ಪಾತ್ರೆಯ ಹಬೆ ನೂರು ಡಿಗ್ರಿ. ಸಾಮಾನನ್ನು ಪೂರ್ತಿ ಶುದ್ಧಿ ಮಾಡಲು ಒತ್ತಡದಲ್ಲಿ 121 ಡಿಗ್ರಿಯ ಹಬೆ ಬೇಕು. ಒಮ್ಮೆ ಬಳಸಿದ ಸೂಜಿಯನ್ನಂತೂ ಎಸೆಯಲೇಬೇಕು. ಬಡ ಗಿರಾಕಿಗೆ ಅಗ್ಗದ ಸೂಜಿ ಎಂಬ ಲೆಕ್ಕ ನಮ್ಮ ಅಂಗಡಿಯಲ್ಲಿ ಕೂಡದು. ರೇಟನ್ನು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಗೋಡೆಗೆ ಬರೆದು ಹಾಕಿ. ಓದಲು ಬಾರದವರಿಗೆ ಬಾಯಲ್ಲಿ ಹೇಳಿ, ಕೂಡಿಸಿ ಹೇಳಿ.

ಇನ್ನೊಂದು ಪ್ರಶ್ನೆಯನ್ನು ದೊಡ್ಡ ಅಂಗಡಿಗಳವರು ಕೇಳುವುದನ್ನು ನಾನು ಕಂಡಿಲ್ಲ: ನೀವು ಏನು ಕೆಲಸ ಮಾಡುತ್ತೀರಿ? ಹೊಸ ಹಚ್ಚೆ ಹಸಿ ಗಾಯವೇ. ಮೇಲೆ ಮಾಯಲು ಎರಡು ಮೂರು ವಾರ ಬೇಕು. ಅಷ್ಟು ದಿನ ನೀರಿನಲ್ಲಿ ನೆನೆಯಬಾರದು, ಬಿಸಿಲು ತಾಗಬಾರದು, ಹಕ್ಕಳೆ ಕೀಳಬಾರದು. ದಿನಕ್ಕೆ ಹತ್ತು ತಾಸು ಎಂಜಲು ತಟ್ಟೆಯ ನೀರಿನಲ್ಲಿ ಕೈಯಿಟ್ಟಿರುವ ಕ್ಲೀನರ್ ಹುಡುಗನ ಮುಂಗೈಗೆ ಹಚ್ಚೆ ಹಾಕಿ ಕಳಿಸಿದರೆ ಅವನ ಗತಿ ಏನು? ಕೀವಾದರೆ ಸೇಠರು ರಜೆ ಕೊಡುತ್ತಾರೆಯೆ? ಭಿವಂಡಿಯ ಮಗ್ಗದವನಿಗೆ ಹತ್ತಿಯ ಧೂಳು, ಕಟ್ಟಡದವನಿಗೆ ಸಿಮೆಂಟು. ಅಂಥವನಿಗೆ ತೋಳಿನ ಮೇಲೆ ಹಾಕಿಸಿಕೋ, ಇಲ್ಲವೇ ಊರಿಗೆ ಹೋಗುವ ಮುನ್ನ ಬಾ, ಅಲ್ಲಿ ಮಾಯಲಿ ಎನ್ನಬೇಕು. ತಟ್ಟೆ ತೊಳೆದ ಕೈಗೇ ಈ ಬುದ್ಧಿ ಹೊಳೆಯುವುದು. ನಮ್ಮ ಹುಡುಗರಿಗೆ ಇದೇ ಬಂಡವಾಳ.

ಅವ್ವನ ಕಥೆ ಅರ್ಧಕ್ಕೆ ನಿಂತಿತು. ಮುಂದಿನ ಭಾನುವಾರ ಅವಳನ್ನು ಈ ಮೂವರಲ್ಲಿ ಒಬ್ಬನ ಬಳಿ ಕರೆದೊಯ್ದೆ. ಅವನಿನ್ನೂ ಕಲಿಯುತ್ತಿದ್ದ. ಮೊದಲು ಕುರ್ಚಿ ತಂದಿಟ್ಟ, ನೀರು ಕೊಟ್ಟ. ಕೈಯನ್ನು ಬೆಳಕಿಗೆ ಹಿಡಿದು, ಈ ಚುಕ್ಕೆಗಳನ್ನು ಹಾಕಿದವಳ ಕೈ ಎಷ್ಟು ಚೆನ್ನಾಗಿತ್ತು ಎಂದ. ಅವ್ವನ ಮುಖ ಅರಳಿತು. ಆಮೇಲೆ ಒಂದೊಂದಾಗಿ ಕೇಳಿದ: ಸಕ್ಕರೆ ಕಾಯಿಲೆ ಇದೆಯೇ, ಏನು ಗುಳಿಗೆ, ಗಾಯವಾದರೆ ಬೇಗ ಮಾಯುತ್ತದೆಯೇ. ಸಕ್ಕರೆ ಇತ್ತು, ಏರಿಯೂ ಇತ್ತು. "ಅವ್ವಾ, ಈಗ ಬೇಡ. ಡಾಕ್ಟರು ಸರಿ ಅಂದ ಮೇಲೆ ಬನ್ನಿ. ಆಗಲೂ ಮೂರೇ ಚುಕ್ಕೆ, ಮಾದ ಮೇಲೆ ಉಳಿದದ್ದು" ಎಂದ. ದುಡ್ಡಿನ ಮಾತೇ ಎತ್ತಲಿಲ್ಲ. ಅವಳು ಬಂದ ಕೆಲಸ ಆಗಲಿಲ್ಲ, ಆದರೂ ದಾರಿಯುದ್ದಕ್ಕೂ ಆ ಹುಡುಗನನ್ನೇ ಹೊಗಳಿದಳು. ಈಗ ಗುಳಿಗೆ ತಪ್ಪಿಸುವುದಿಲ್ಲ. ನಾನು ಐದು ವರ್ಷ ಫೋನಿನಲ್ಲಿ ಹೇಳಿ ಆಗದ್ದನ್ನು ಮೂರು ಚುಕ್ಕೆಯ ಆಸೆ ಮಾಡಿತು. ದೀಪಾವಳಿ ಕಳೆದು ಬರುತ್ತಾಳಂತೆ.

ಅಧ್ಯಕ್ಷರೆ, ಒಂದು ಅರಿಕೆಯಿದೆ. ಅಂಗಡಿಗೆ ಯಂತ್ರ ಬಂದಿದೆ, ದೀಪ ಬಂದಿದೆ, ಬಾಡಿಗೆಯ ಮುಂಗಡಕ್ಕೇ ಉಳಿತಾಯವೆಲ್ಲ ಹೋಗಿದೆ. ಕಾಯುವವರು ಕೂರಲು ಏನೂ ಇಲ್ಲ. ನಮ್ಮ ಕಚೇರಿಯ ಮೂಲೆಯಲ್ಲಿ ರಾತ್ರಿ ಶಾಲೆಯ ಕಾಲದ ಉದ್ದ ಬೆಂಚು ಒಂದು ಬಿದ್ದಿದೆ, ಒಂದು ಕಾಲು ಅಲ್ಲಾಡುತ್ತದೆ. ಸಭೆ ಒಪ್ಪಿದರೆ ಅದನ್ನು ರಿಪೇರಿ ಮಾಡಿಸಿ ಅವರಿಗೆ ಕೊಟ್ಟುಬಿಡೋಣ. ಬಡಗಿಯ ಖರ್ಚು ನನ್ನದು.