ಸಹಿ ಹಾಕುವ ಮುನ್ನ



ಪೌರತ್ವದ ಬಗ್ಗೆ, ಜಾತಿಯ ಬಗ್ಗೆ, ವಲಸೆ ಕಾರ್ಮಿಕರ ಬಗ್ಗೆ ನಾನು ಈ ಬಳಗದಲ್ಲಿ ಹಲವು ಬಾರಿ ಮಾತನಾಡಿದ್ದೇನೆ. ಇಂದು ನನ್ನದೇ ತಲೆಯ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಸಂಕೋಚವಿದೆ. ಆದರೂ ಇದನ್ನು ಕೇವಲ ಖಾಸಗಿ ಸಂಗತಿಯೆಂದು ಬದಿಗಿಡಲು ಮನಸ್ಸು ಒಪ್ಪುತ್ತಿಲ್ಲ.

ಕೆಲವು ವರ್ಷಗಳ ಹಿಂದೆ, ಇಲ್ಲಿಯೇ, ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಮನೋವೈದ್ಯೆಯೊಬ್ಬರು ನನ್ನ ಮುಂದೆ ಸಮ್ಮತಿಪತ್ರವೊಂದನ್ನು ಇಟ್ಟರು. ನನ್ನ ಖಿನ್ನತೆಯ ಮುಂದೆ ಮೂರು ಬಗೆಯ ಔಷಧಿಗಳು ಸೋತಿದ್ದವು. ತೂಕ ಹನ್ನೊಂದು ಕಿಲೋ ಇಳಿದಿತ್ತು. ಎದ್ದು ಸ್ನಾನ ಮಾಡುವುದು ಇಡೀ ದಿನದ ಕೆಲಸವಾಗಿತ್ತು. ಪತ್ರದಲ್ಲಿದ್ದುದು ವಿದ್ಯುತ್ ಕಂಪನ ಚಿಕಿತ್ಸೆ, ಅಂದರೆ ಇಸಿಟಿ; ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ 'ಕರೆಂಟು ಕೊಡುವುದು'.

ಬೇಡವೆಂದೆ. ಊರಿನಿಂದ ಅಮ್ಮನೂ ಬೇಡವೆಂದಳು. "ಬೇಡ ಕಣೇ, ಕರೆಂಟ್ ಕೊಡಿಸ್ಕೊಂಡೋಳು ಅಂತ ಒಂದ್ಸಲ ಹೆಸರು ಬಂದ್ರೆ ಸತ್ತರೂ ಹೋಗಲ್ಲ." ಅಮ್ಮನ ಭಯಕ್ಕೆ ಆಧಾರವಿಲ್ಲವೆನ್ನಲಾರೆ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದ 'ಶರಪಂಜರ'ವನ್ನು ಆಕೆ ಎಷ್ಟು ಸಲ ನೋಡಿದ್ದಾಳೋ! ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರೂ ನೆರೆಹೊರೆಯವರೂ ಸೇರಿ ಮತ್ತೆ ಅಲ್ಲಿಗೇ ಅಟ್ಟುತ್ತಾರೆ. ನನ್ನ ಕಾರಣ ಬೇರೆಯದಿತ್ತು. 1938ರಲ್ಲಿ ರೋಮಿನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಈ ಚಿಕಿತ್ಸೆಯನ್ನು ಮೊದಲು ಪ್ರಯೋಗಿಸಿದಂದಿನಿಂದ ಎಷ್ಟೋ ಹುಚ್ಚಾಸ್ಪತ್ರೆಗಳಲ್ಲಿ ಅದು ಶಿಸ್ತು ಕಲಿಸುವ ಆಯುಧವೂ ಆಗಿತ್ತೆಂದು ಓದಿ ಬೆಳೆದವಳು ನಾನು. ಅಮ್ಮ ಜನಕ್ಕೆ ಹೆದರಿದ್ದಳು, ನಾನು ಅಧಿಕಾರಕ್ಕೆ ಹೆದರಿದ್ದೆ. ಇಬ್ಬರಲ್ಲಿ ಯಾರೂ ಆ ಚಿಕಿತ್ಸೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಇಲ್ಲೊಂದು ವಿಚಿತ್ರವನ್ನು ಹೇಳಬೇಕು. ನಾನು ಮೈಸೂರಿನಲ್ಲಿ ಕಾನೂನು ಓದಿದವಳು. ವೈದ್ಯಕೀಯ ನಿರ್ಲಕ್ಷ್ಯದ ಪಾಠದಲ್ಲಿ ಬೋಲಮ್ ಪ್ರಕರಣವನ್ನು ಬಾಯಿಪಾಠ ಮಾಡಿ ಅಂಕ ಗಳಿಸಿದ್ದೆ. ಬೋಲಮ್ ಎಂಬ ಮನುಷ್ಯ ಖಿನ್ನತೆಯ ರೋಗಿಯಾಗಿದ್ದನೆಂಬುದು, ಅವನಿಗೆ ಕೊಟ್ಟದ್ದು ಇದೇ ಚಿಕಿತ್ಸೆಯೆಂಬುದು ಮಾತ್ರ ಆಗ ಮನಸ್ಸಿಗೆ ಇಳಿದಿರಲಿಲ್ಲ. 1954ರಲ್ಲಿ ಲಂಡನ್ನಿನ ಫ್ರಯರ್ನ್ ಆಸ್ಪತ್ರೆಯಲ್ಲಿ ಸ್ನಾಯುಗಳನ್ನು ಸಡಿಲಿಸುವ ಮದ್ದನ್ನು ಕೊಡದೆಯೇ ಅವನಿಗೆ ವಿದ್ಯುತ್ ಹರಿಸಿದರು. ಸೆಳೆತದ ರಭಸಕ್ಕೆ ಸೊಂಟದ ಎರಡೂ ಕಡೆಯ ಕೀಲುಗಳಲ್ಲಿ ಮೂಳೆ ಮುರಿಯಿತು. ಹೀಗಾಗಬಹುದೆಂದು ಯಾರೂ ಅವನಿಗೆ ಮೊದಲೇ ತಿಳಿಸಿರಲಿಲ್ಲ. 1957ರಲ್ಲಿ ಅವನು ಮೊಕದ್ದಮೆಯನ್ನು ಸೋತ. ವೈದ್ಯರಲ್ಲಿ ಹೊಣೆಯರಿತ ಒಂದು ವರ್ಗ ಒಪ್ಪುವ ಪದ್ಧತಿಯಂತೆ ನಡೆದ ವೈದ್ಯ ತಪ್ಪಿತಸ್ಥನಲ್ಲ ಎಂಬ ತತ್ತ್ವ ಅಲ್ಲಿಂದ ಹುಟ್ಟಿತು. ಇದೊಂದೇ ದಾರಿಯೆಂದು ವೈದ್ಯ ಬಲವಾಗಿ ನಂಬಿದ್ದಾಗ, ಮಾನಸಿಕ ರೋಗಿಯೊಬ್ಬನಿಗೆ ಅಪಾಯವನ್ನು ಒತ್ತಿ ಹೇಳದಿದ್ದರೆ ಅವನನ್ನು ದೂರಲಾಗದೆಂಬ ಅರ್ಥದ ಮಾತನ್ನೂ ನ್ಯಾಯಾಧೀಶರು ಜ್ಯೂರಿಯ ಮುಂದೆ ಆಡಿದರು. ಆ ಮಾತು ಬ್ರಿಟನ್ನಿನ ಕಾನೂನಿನಿಂದ ಕಳಚಿಕೊಳ್ಳಲು 2015ರ ಮಾಂಟ್ಗೊಮರಿ ತೀರ್ಪಿನವರೆಗೆ ಕಾಯಬೇಕಾಯಿತು. ಅದೂ ಮನೋರೋಗಿಯೊಬ್ಬರ ಮೊಕದ್ದಮೆಯಲ್ಲ, ಹೆರಿಗೆಯಲ್ಲಿ ನೊಂದ ತಾಯಿಯೊಬ್ಬಳದು. ರೋಗಿಯ ಸ್ಥಾನದಲ್ಲಿರುವವರಿಗೆ ಯಾವ ಅಪಾಯ ಮುಖ್ಯವೆನಿಸುವುದೋ ಅದನ್ನು ವೈದ್ಯರು ಹೇಳಲೇಬೇಕೆಂದು ಸುಪ್ರೀಂ ಕೋರ್ಟು ಹೇಳಿತು.

ಈ ಬೋಲಮ್ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ ಎಂದರೆ ಅತಿಶಯವಾದೀತು. ಒಂದು ಹಾಳೆಯ ಮೇಲೆ ಪ್ರಶ್ನೆಗಳನ್ನು ಬರೆಸಿದ. ಬರೆದವರು ನನ್ನ ಸಂಗಾತಿ. ನನಗೆ ಪೆನ್ನು ಹಿಡಿಯುವಷ್ಟೂ ಉತ್ಸಾಹವಿರಲಿಲ್ಲ.

ವೈದ್ಯೆ ಉತ್ತರಿಸಿದರು. ಈಗ ಅರಿವಳಿಕೆಯನ್ನೂ ಸ್ನಾಯು ಸಡಿಲಿಸುವ ಮದ್ದನ್ನೂ ಕೊಟ್ಟೇ ಮಾಡುತ್ತಾರೆ. ವಿದ್ಯುತ್ ಹರಿಯುವುದು ಕೆಲವೇ ಸೆಕೆಂಡು, ಸೆಳೆತ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ವಾರಕ್ಕೆ ಎರಡರಂತೆ ಆರರಿಂದ ಹನ್ನೆರಡು ಸಲ. ಉಣ್ಣದೆ ಕೃಶವಾಗುವ, ಸಾವನ್ನೇ ಧ್ಯಾನಿಸುವ ಖಿನ್ನತೆಗೆ ಇದರಷ್ಟು ಬೇಗ ಫಲ ಕೊಡುವುದು ಕಡಿಮೆ. ಅದು ಹೇಗೆ ಕೆಲಸ ಮಾಡುತ್ತದೆಂಬುದು ಇನ್ನೂ ಪೂರ್ತಿ ತಿಳಿದಿಲ್ಲ. ಗುಣವಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ವರ್ಷದೊಳಗೆ ಖಿನ್ನತೆ ಮರಳುತ್ತದೆ. ನೆನಪು ಹೋಗಬಹುದು.

ನೆನಪಿನ ಪ್ರಶ್ನೆಯಲ್ಲಿ ನಾನು ನಿಂತುಬಿಟ್ಟೆ. ಕನ್ನಡ ಹೋಗುತ್ತದೆಯೇ ಎಂದು ಕೇಳಿದೆ. ಆಕೆ ನಗಲಿಲ್ಲ. ಭಾಷೆ ಹೋಗುವುದಿಲ್ಲ, ಚಿಕಿತ್ಸೆಯ ಆಸುಪಾಸಿನ ತಿಂಗಳುಗಳ ಘಟನೆಗಳು ಹೋಗಬಹುದು, ಯಾವುದು ಹೋಗುತ್ತದೆಂದು ಹೇಳಲಾರೆ ಎಂದರು. ಮನೋಚಿಕಿತ್ಸೆಯನ್ನು ಸ್ವತಃ ಪಡೆದ ಸಂಶೋಧಕಿ ಡಯಾನಾ ರೋಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನು ನಾನು ಆಮೇಲೆ ಓದಿದೆ. ಕನಿಷ್ಠ ಮೂರನೆಯ ಒಂದು ಭಾಗದ ರೋಗಿಗಳು ಬಹುಕಾಲ ಉಳಿದ ಮರೆವಿನ ಬಗ್ಗೆ ಹೇಳಿದ್ದರು. ವೈದ್ಯರು ಕೇಳಿದಾಗ ರೋಗಿಗಳಿಂದ ಹೆಚ್ಚು ತೃಪ್ತಿಯ ಉತ್ತರ ಬರುತ್ತಿತ್ತು. ರೋಗಿಗಳೇ ರೋಗಿಗಳನ್ನು ಕೇಳಿದಾಗ ಕಡಿಮೆ. ಅದೇ ತಂಡದ 2005ರ ಇನ್ನೊಂದು ಅಧ್ಯಯನದಲ್ಲಿ, ಸಹಿ ಹಾಕಿದವರಲ್ಲೂ ಸುಮಾರು ಮೂರನೆಯ ಒಂದು ಭಾಗದವರಿಗೆ ತಾವು ಸ್ವತಂತ್ರವಾಗಿ ಒಪ್ಪಿದೆವೆಂದು ಅನ್ನಿಸಿರಲಿಲ್ಲ.

ಕಾನೂನು ಈಗ ನಮ್ಮ ಕಡೆಗಿದೆಯೆನ್ನಬಹುದು. ನಿರ್ಧರಿಸುವ ಸಾಮರ್ಥ್ಯವಿರುವ ರೋಗಿ ಬೇಡವೆಂದರೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಇಸಿಟಿ ಕೊಡುವಂತಿಲ್ಲ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದಿಲ್ಲದೆ ಕೊಡುವುದನ್ನು ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಬೋಲಮ್ ಸೋತ ಅರವತ್ತು ವರ್ಷಗಳ ನಂತರ! ಆದರೆ ನನ್ನ ತೊಡಕು ಕಾನೂನಿನ ಕೈಗೆ ಸಿಗುವಂಥದಾಗಿರಲಿಲ್ಲ. ಐದನೆಯ ದಿನ ಸಹಿ ಹಾಕಲು ಸಿದ್ಧಳಾದೆ. ಏಕೆಂದು ನನ್ನನ್ನೇ ಕೇಳಿಕೊಂಡಾಗ ದಿಗಿಲಾಯಿತು. ಗುಣವಾಗಲೆಂದಲ್ಲ; ಇದು ನನಗೆ ತಕ್ಕ ಶಾಸ್ತಿಯೆಂದು. ಖಿನ್ನತೆಯೇ ನನ್ನ ಕೈಹಿಡಿದು ಸಹಿ ಹಾಕಿಸುತ್ತಿತ್ತು. ಮೊದಲು ಬೇಡವೆಂದವಳೂ ಅದೇ ಖಿನ್ನಳಾದ ನಾನೇ ಅಲ್ಲವೇ? ಹಾಗಾದರೆ ಯಾವುದು ನನ್ನ ಮಾತು?

ಇದನ್ನು ವೈದ್ಯೆಗೆ ಹೇಳಿದೆ. ಆಕೆ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡು, ಇನ್ನು ಕೆಲವು ದಿನ ಕಾಯೋಣವೆಂದರು. ನಾನು ಒಪ್ಪಿದ್ದಕ್ಕೆ ಚಿಕಿತ್ಸೆಯ ಗುಣಗಾನಕ್ಕಿಂತ ಆ ಕಾಯುವಿಕೆಯೇ ಹೆಚ್ಚು ಕಾರಣ. ಹನ್ನೊಂದನೆಯ ದಿನ ಸಹಿ ಹಾಕಿದೆ, ಷರತ್ತುಗಳೊಂದಿಗೆ. ನೆನಪಿಗೆ ಕಡಿಮೆ ಪೆಟ್ಟು ಬೀಳುವಂತೆ ತಲೆಯ ಒಂದೇ ಬದಿಗೆ ಕೊಡಬೇಕು. ಪ್ರತಿ ಸಲವೂ ಮುಂದುವರಿಸಲೇ ಎಂದು ಕೇಳಬೇಕು. ಸಂಗಾತಿ ದಿನವೂ ಸಂಜೆ ಕನ್ನಡದಲ್ಲಿ ಹತ್ತು ಪ್ರಶ್ನೆ ಕೇಳಿ ನನ್ನ ಉತ್ತರಗಳನ್ನು ಬರೆದಿಡಬೇಕು. ಉತ್ತರಗಳು ಕೆಟ್ಟರೆ ನಿಲ್ಲಿಸಬೇಕು.

ಐದನೆಯದರ ನಂತರ ಒಂದು ಬೆಳಿಗ್ಗೆ ಹಸಿವಾಯಿತು. ತಿಂಗಳುಗಳ ಮೇಲೆ ಹಸಿವಾಗುವುದೆಂದರೇನೆಂದು ಹೇಗೆ ವಿವರಿಸಲಿ! ನಿನ್ನೆಯ ತಣ್ಣನೆಯ ಚಿತ್ರಾನ್ನವನ್ನು ಡಬ್ಬಿಯಿಂದಲೇ ತಿಂದೆ. ಒಟ್ಟು ಒಂಬತ್ತು ಸಲವಾಯಿತು. ಔಷಧಿ ಈಗಲೂ ಇದೆ, ಮರಳಿ ಬಂದೀತೆಂಬ ಅಂಜಿಕೆಯೂ ಇದೆ. ಬಂದರೆ ಏನು ಮಾಡಬೇಕು, ಏನು ಮಾಡಬಾರದೆಂದು ಈ ಸಲ ನಾನೇ ಪೆನ್ನು ಹಿಡಿದು ಬರೆದಿಟ್ಟಿದ್ದೇನೆ.

ಹೋದದ್ದೂ ಇದೆ. ಅದಕ್ಕೂ ಮುಂಚಿನ ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿ ನಡೆದ ಅಣ್ಣನ ಮಗಳ ಮದುವೆಗೆ ನಾನು ಹೋಗಿದ್ದೆನಂತೆ. ಫೋಟೋದಲ್ಲಿ ಹಸಿರು ಸೀರೆಯುಟ್ಟು ಬಾಯಿತುಂಬ ನಗುತ್ತಿದ್ದೇನೆ. ಯಾರ ಮಾತಿಗೆ ಅಷ್ಟು ನಕ್ಕೆನೆಂದು ಪಕ್ಕದಲ್ಲಿ ನಿಂತಿರುವ ಅತ್ತಿಗೆಯನ್ನು ಕೇಳಿದೆ. ಅವರಿಗೂ ನೆನಪಿಲ್ಲವಂತೆ.